ಮಂಜಿನಲ್ಲಿ ಮಾಮನ ಮಿಲ್ನಿ

ಒಬ್ಬ ಮನುಷ್ಯ ಇನ್ನೊಬ್ಬನನ್ನು ಅಪ್ಪಿಕೊಂಡು ನೆಲದಿಂದ ಮೇಲೆತ್ತಿದರೆ ಅದು ಪ್ರೀತಿಯೋ ಅಪರಾಧವೋ ಎಂಬ ಪ್ರಶ್ನೆಗೆ ಉತ್ತರ ಎತ್ತಿದವನ ಮನಸ್ಸಿನಲ್ಲಿ ಇರುವುದಿಲ್ಲ. ಎತ್ತಿಸಿಕೊಂಡವನ ಹುದ್ದೆಯಲ್ಲಿ ಇರುತ್ತದೆ. ನಾನು ನಮ್ಮ ಪಂಜಾಬಿ ಹಳ್ಳಿ ಕೋಟ್ ನಿಹಾಲಾದ ಶಾಲೆಯಲ್ಲಿ ಕಲಿಸಿದ್ದು ಅಂಕಗಣಿತ. ಅದರಲ್ಲಿ ಹುದ್ದೆಗೆ ಬೆಲೆಯಿಲ್ಲವಾದ್ದರಿಂದ ಈ ಸೂತ್ರವನ್ನು ನಾನು ಯಾರಿಗೂ ಕಲಿಸಲಿಲ್ಲ. ನನ್ನ ನೆರೆಮನೆಯ ನಛತ್ತರ್ ಸಿಂಗ್ ಅದನ್ನು ಹೆದ್ದಾರಿಯ ಪಕ್ಕದಲ್ಲಿ, ಜನವರಿಯ ಮಂಜಿನಲ್ಲಿ, ಕೈಯಲ್ಲಿ ಒಂದು ಹೂಹಾರವನ್ನೂ ಹೆಗಲ ಮೇಲೆ ಒಂದು ಕಂಬಳಿಯನ್ನೂ ಇಟ್ಟುಕೊಂಡು ಕಲಿತನು.

ನಛತ್ತರನಿಗೆ ಊರ ತುದಿಯಲ್ಲಿ ಟ್ರ್ಯಾಕ್ಟರ್ ರಿಪೇರಿಯ ಅಂಗಡಿಯಿದೆ. ಒಳ್ಳೆಯವನು. ಆದರೆ ಅವನ ಕಣ್ಣು ನೋಡುವುದಕ್ಕೂ ತಲೆ ತಿಳಿಯುವುದಕ್ಕೂ ನಡುವೆ ಒಂದು ಸಣ್ಣ ಹೊಲದಷ್ಟು ಅಂತರ ಇದೆ. ಒಂದು ಚಳಿಗಾಲದಲ್ಲಿ ನನ್ನ ಎಮ್ಮೆಯನ್ನು ತನ್ನದೆಂದು ಹೊಡೆದುಕೊಂಡು ಹೋಗಿ, ಹಾಲು ಕರೆದು, ಹಾಲು ಗಟ್ಟಿಯಾಗಿದೆಯೆಂದು ಅದರ ಬೆನ್ನು ತಟ್ಟಿ ಹೊಗಳಿ, ಕೊನೆಗೆ ಒಂದು ಲೋಟ ಹಾಲನ್ನು ನನಗೇ ಕಾಣಿಕೆಯಾಗಿ ತಂದುಕೊಟ್ಟಿದ್ದನು. ಕೆಟ್ಟ ಉದ್ದೇಶವಿಲ್ಲದ ಮನುಷ್ಯನ ಮೇಲೆ ಕೋಪ ಮಾಡಿಕೊಳ್ಳುವುದು ಕಷ್ಟ. ನಾನು ಹಾಲು ಕುಡಿದೆ.

ಅವನ ತಂಗಿಯ ಮಗಳು ರವನೀತಳ ಮದುವೆ ಗೊತ್ತಾಯಿತು. ವರ ಹರಜೋತ್ ಸೈನ್ಯದಲ್ಲಿದ್ದವನು. ರಜೆಯ ಮೇಲೆ ಬಂದಿದ್ದನು. ತಂದೆಯಿಲ್ಲದ ಆ ಹುಡುಗನನ್ನು ಸಾಕಿ ಬೆಳೆಸಿದವರು ಅವನ ಸೋದರಮಾವ ಜಗೀರ್ ಸಿಂಗ್. ದೆಹಲಿಯಲ್ಲಿ ಲಾರಿಗಳ ಧಣಿ. ಅವರನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಮಾತುಕತೆಯೆಲ್ಲ ಫೋನಿನಲ್ಲಿ ನಡೆದಿತ್ತು. ಸಂಬಂಧ ಕುದುರಿಸಿದ ದಲ್ಲಾಳಿ ಮಾತ್ರ ಅವರ ವರ್ಣನೆಯನ್ನು ಮನೆಮನೆಗೆ ಹಂಚಿದ್ದನು.

"ಕುಳ್ಳಗಿದ್ದಾರೆ, ಆದ್ರೆ ಅಗಲ ನೋಡಿದ್ರೆ ಎತ್ತರ ಮರೆತೇ ಹೋಗುತ್ತೆ. ಗನ್‌ಮ್ಯಾನ್‌ಗಳಿಲ್ಲದೆ ಮನೆಯಿಂದ ಹೊರಗೆ ಕಾಲಿಡೋರಲ್ಲ. ಹಿಂದೆ ಒಂದು ಕಾರು, ಮುಂದೆ ಒಂದು ಕಾರು. ಡೆಲ್ಲೀಲಿ ಅವರ ಹೆಸರು ಹೇಳಿದ್ರೆ ಕೆಂಪು ದೀಪ ಹಸಿರಾಗುತ್ತೆ!"

ಇದನ್ನು ಕೇಳಿ ಎಲ್ಲರೂ ನಛತ್ತರನ ಕಡೆಗೆ ನೋಡಿದರು. ನಮ್ಮ ಮದುವೆಗಳಲ್ಲಿ ದಿಬ್ಬಣ ಬಾಗಿಲಿಗೆ ಬಂದಾಗ ಮಿಲ್ನಿ ನಡೆಯಬೇಕು. ಹೆಣ್ಣಿನ ಕಡೆಯ ಮಾಮ ಗಂಡಿನ ಕಡೆಯ ಮಾಮನಿಗೆ ಹಾರ ಹಾಕಿ, ಕಂಬಳಿ ಹೊದಿಸಿ, ಅಪ್ಪಿಕೊಳ್ಳುತ್ತಾನೆ. ಅಪ್ಪಿಕೊಂಡವನು ಎದುರಿನವನನ್ನು ನೆಲ ಬಿಡಿಸಿ ಎತ್ತಲು ನೋಡುತ್ತಾನೆ. ಎತ್ತಿದ ಕಡೆಯವರು ಮೊಮ್ಮಕ್ಕಳ ಕಾಲದವರೆಗೂ ಅದನ್ನು ಹೇಳಿಕೊಳ್ಳುತ್ತಾರೆ.

"ನಿನ್ ಕೈಲಾಗುತ್ತೇನೋ?" ಎಂದು ನಛತ್ತರನ ತಾಯಿ ಧನ್ ಕೌರ್ ಕೇಳಿದಳು. ಊರಿಗೆಲ್ಲ ಅವಳು ಬೇಬೇ, ಅಂದರೆ ಅಮ್ಮ. "ಡೆಲ್ಲಿ ತುಪ್ಪ ತಿಂದ ಮೈ ಅದು. ನೀನು ನಿನ್ನೆ ಸ್ಪಾನರ್ ಎತ್ತೋಕೇ ನರಳ್ತಿದ್ದೆ."

"ಬೇಬೇ, ಎತ್ತದೆ ಇದ್ರೆ ನನ್ನ ನಛತ್ತರ್ ಅನ್ಬೇಡ" ಎಂದನು ಅವನು. ಸಣ್ಣದೊಂದು ಜಂಬ. ಮುಂದಿನದೆಲ್ಲ ಇದರಿಂದ ಹುಟ್ಟಿತು.

ಮದುವೆಯ ದಿನ ಮಂಜು ಹೇಗೆ ಬಿದ್ದಿತ್ತೆಂದರೆ, ಪ್ರಪಂಚವನ್ನು ಯಾರೋ ಸ್ಲೇಟಿನ ಮೇಲಿಂದ ಒರಸಿ, ಬರೆಯಲು ಮರೆತು ಎದ್ದು ಹೋದಂತಿತ್ತು. ಗೋಧಿಯ ಹೊಲಗಳಿರಲಿಲ್ಲ. ಹೆದ್ದಾರಿ ಇರಲಿಲ್ಲ. ನಾವು ಪ್ಯಾಲೇಸ್ ಎನ್ನುವ ಕಲ್ಯಾಣ ಮಂಟಪದ ಹೊರಗೆ ಕಟ್ಟಿದ್ದ ಚೆಂಡುಹೂವಿನ ಕಮಾನು ಮಾತ್ರ, ಯಾವುದಕ್ಕೂ ಬಾಗಿಲಲ್ಲದ ಬಾಗಿಲಿನಂತೆ, ಬಿಳಿಯ ನಡುವೆ ತೇಲುತ್ತಿತ್ತು. ಬ್ಯಾಂಡಿನವರು ತಮ್ಮ ತುತ್ತೂರಿಗಳ ಬಾಯಿಗೆ ಅಂಗೈ ಮುಚ್ಚಿ ಬೆಚ್ಚಗಿಡುತ್ತಿದ್ದರು. ಮಾತನಾಡಿದರೆ ಮಾತು ಬಾಯಿಂದ ಹೊರಟು ಸ್ವಲ್ಪ ದೂರ ಹೋಗಿ ನಿಂತಂತೆ ಕೇಳುತ್ತಿತ್ತು. ಇಂಥ ಬೆಳಗಿನಲ್ಲಿ ಎಚ್ಚರವಾಗಿದ್ದವನು ಕನಸು ಕಾಣುತ್ತಿದ್ದಾನೋ, ಕನಸು ಕಾಣುತ್ತಿದ್ದವನು ಎಚ್ಚರವಾಗಿದ್ದಾನೋ ಎಂದು ಯಾರನ್ನೂ ಕೇಳಬಾರದು. ನಛತ್ತರನನ್ನಂತೂ ಕೇಳಲೇಬಾರದು.

ಅವನು ಎಲ್ಲರಿಗಿಂತ ಮುಂದೆ, ಕಮಾನಿನ ಹೊರಗೆ ಹೋಗಿ ನಿಂತಿದ್ದನು.

ಆಗ ದೂರದಲ್ಲಿ ಸೈರನ್ನಿನ ಸದ್ದು ಕೇಳಿಸಿತು.

"ಬಂದ್ರು! ಡೆಲ್ಲಿ ಮಾಮ ಬಂದ್ರು!" ಎಂದನು ನಛತ್ತರ್.

"ಸೈರನ್ ಬೇರೆ!" ಎಂದಳು ಬೇಬೇ. "ದುರಹಂಕಾರ ನೋಡ್ರೇ. ಹಾಡ್ರೇ ಹುಡುಗೀರಾ, ಇಳಿಸಿ ಅವನ ಸೊಕ್ಕು!"

ಬಂದದ್ದು ಡೆಲ್ಲಿ ಮಾಮ ಅಲ್ಲ. ಬಂದದ್ದು ಒಂದು ದೊಡ್ಡ ಪಕ್ಷದ ರಾಷ್ಟ್ರೀಯ ನಾಯಕರು. ಅವರು ಜಿಲ್ಲಾ ಕೇಂದ್ರದಲ್ಲಿ ಭಾಷಣ ಮಾಡಲು ಹೆಲಿಕಾಪ್ಟರಿನಲ್ಲಿ ಹೋಗಬೇಕಾಗಿತ್ತು. ಮಂಜಿನಲ್ಲಿ ಹೆಲಿಕಾಪ್ಟರ್ ಮೇಲೇಳಲಿಲ್ಲ. ರಸ್ತೆಯಲ್ಲೇ ಹೋಗುವುದೆಂದು ಆ ಕ್ಷಣಕ್ಕೆ ತೀರ್ಮಾನವಾಗಿ, ದಾರಿಯುದ್ದಕ್ಕೂ ಹಾರ ಹಿಡಿದು ನಿಲ್ಲುವಂತೆ ಪಕ್ಷದ ಕಾರ್ಯಕರ್ತರಿಗೆ ಸುದ್ದಿ ಹೋಗಿತ್ತು. ಬೆಂಗಾವಲಿನ ಮುಂದಿನ ಕಾರಿನವನು ಮಂಜಿನಲ್ಲಿ ದಾರಿ ಕಾಣದೆ ತಡಕಾಡುತ್ತಿದ್ದಾಗ, ಹೂವಿನ ಕಮಾನು ಕಂಡಿತು; ಬ್ಯಾಂಡು ಕೇಳಿತು; ಹಾರ ಹಿಡಿದ ಒಬ್ಬ ಮನುಷ್ಯ ಎರಡೂ ಕೈ ಬೀಸಿ ಕರೆಯುತ್ತಿದ್ದನು. ಇದಕ್ಕಿಂತ ಸ್ಪಷ್ಟವಾದ ಸ್ವಾಗತ ಯಾವ ಪಕ್ಷಕ್ಕೂ ಸಿಕ್ಕಿರಲಾರದು. ಬಿಳಿಯ ಕಾರುಗಳು ಒಂದೊಂದಾಗಿ ಬಿಳಿಯ ಮಂಜಿನಿಂದ ಕಡೆದು ತೆಗೆದಂತೆ ಹೊರಬಂದು ಕಮಾನಿನ ಮುಂದೆ ನಿಂತವು.

ನಾಯಕರು ತಾವೇ ಬಾಗಿಲು ತೆರೆದು ಇಳಿದರು. ಕುಳ್ಳಗಿದ್ದರು. ಅಗಲ ನೋಡಿದರೆ ಎತ್ತರ ಮರೆತುಹೋಗುವಂತಿತ್ತು. ಅವರ ಹಿಂದೆ ಬಂದೂಕಿನವರು ಇಳಿಯುತ್ತಿದ್ದರು. ದಲ್ಲಾಳಿಯ ವರ್ಣನೆಯೊಂದಿಗೆ ಹೋಲಿಸಿದರೆ ಒಂದು ಅಂಶವೂ ಕಡಿಮೆಯಾಗಿರಲಿಲ್ಲ. ಹೆಂಗಸರು ಹಾಡಿದರು:

"ಹೊಟ್ಟೆ ಬಂತು ಮುಂದೆ ಮುಂದೆ, ಮಾಮ ಬಂದ ಹಿಂದೆ,
ಬಂದೂಕೇಕೋ ಮಾಮನಿಗೆ, ರೊಟ್ಟಿ ಹೊಡೆಯಲೆಂದೇ?"

ನಮ್ಮ ಕಡೆ ಬೀಗರನ್ನು ಹೀಗೆಯೇ ಬರಮಾಡಿಕೊಳ್ಳುವುದು. ಬೈಗುಳವಿಲ್ಲದ ಸ್ವಾಗತವನ್ನು ಬೀಗರು ಅವಮಾನವೆಂದು ತಿಳಿಯುತ್ತಾರೆ. ನಾಯಕರಿಗೆ ಪಂಜಾಬಿ ತಿಳಿಯದು. ಅವರು ಹೆಂಗಸರತ್ತ ಕೈಮುಗಿದರು.

ನಛತ್ತರ್ ಮುನ್ನಡೆದು ಹಾರ ಹಾಕಿದನು. ನಾಯಕರು ಕತ್ತು ಬಾಗಿಸಿದರು. ಕಂಬಳಿ ಹೊದಿಸಿದನು. ನಾಯಕರು ನಕ್ಕರು. ಆಮೇಲೆ ನಛತ್ತರ್ ಅವರ ಸೊಂಟದ ಸುತ್ತ ಎರಡೂ ತೋಳು ಹಾಕಿ, ವಾಹೆಗುರುವನ್ನು ನೆನೆದು, ಎತ್ತಿದನು.

ನಾಯಕರು ಮೇಲೆ ಹೋದರು.

ನಾನು ಅದನ್ನು ಕಣ್ಣಾರೆ ಕಂಡೆ. ನೆಲ ಕಾಣಿಸುತ್ತಿರಲಿಲ್ಲವಾದ್ದರಿಂದ ಅವರು ಎಷ್ಟು ಎತ್ತರದಲ್ಲಿದ್ದರೆಂದು ಹೇಳಲಾರೆ. ಕಂಬಳಿಯ ಅಂಚುಗಳು ಎರಡೂ ಕಡೆ ಅಲುಗುತ್ತಿದ್ದವು. ಬ್ಯಾಂಡು ಕೂಡ ಆ ಕ್ಷಣದಲ್ಲಿ ಉಸಿರು ತೆಗೆದುಕೊಳ್ಳಲು ನಿಂತಿತ್ತು. ದೇಶದ ಅರ್ಧ ಭಾಗ ಹೆದರುವ, ಇನ್ನರ್ಧ ಭಾಗ ಜೈಕಾರ ಹಾಕುವ ಒಬ್ಬ ವ್ಯಕ್ತಿ, ಕೋಟ್ ನಿಹಾಲಾದ ಮಂಜಿನಲ್ಲಿ, ತೊಟ್ಟಿಲಿನಿಂದ ಎತ್ತಿಕೊಂಡ ಮಗುವಿನಂತೆ ಸದ್ದಿಲ್ಲದೆ ತೇಲುತ್ತಿದ್ದರು.

"ನೋಡು ಬೇಬೇ!" ಎಂದು ನಛತ್ತರ್ ಕೂಗಿದನು. "ದಲ್ಲಾಳಿ ಹೇಳಿದಷ್ಟೇನೂ ಭಾರ ಇಲ್ಲ!"

ಅಷ್ಟರಲ್ಲಿ ರಕ್ಷಕರಿಗೆ ಇದು ಪಕ್ಷದ ಕಾರ್ಯಕ್ರಮದಲ್ಲಿಲ್ಲದ ವಿಷಯವೆಂದು ಹೊಳೆಯಿತು. ಅವರು ನಾಯಕರನ್ನು ನಛತ್ತರನ ತೋಳಿನಿಂದ ಕಿತ್ತುಕೊಂಡು, ಕಂಬಳಿ ಹಾರಗಳ ಸಮೇತ ಕಾರಿನೊಳಗೆ ತಳ್ಳಿ, ಹಿಂದಕ್ಕೆ ಹೊರಡಿಸಿದರು. ಆದರೆ ಹಿಂದೆ ನಿಜವಾದ ದಿಬ್ಬಣ ಬಂದು ನಿಂತಾಗಿತ್ತು: ಕಾರುಗಳು, ಡೋಲು, ಜನರೇಟರಿನ ಗಾಡಿ, ಕುದುರೆಯ ಮೇಲೆ ಹರಜೋತ್, ಮತ್ತು ಬಂದೂಕು ಹಿಡಿದ ಜನರ ನಡುವೆ ಜಗೀರ್ ಸಿಂಗ್. ಮಂಜಿನಲ್ಲಿ ನಾಯಕರ ಬಂದೂಕಿನವರು ಮಾಮನ ಬಂದೂಕಿನವರನ್ನು ಕಂಡರು. ಮಾಮನ ಬಂದೂಕಿನವರು ನಾಯಕರ ಬಂದೂಕಿನವರನ್ನು ಕಂಡರು. ಕುದುರೆ ಇಬ್ಬರನ್ನೂ ಕಂಡು ರಸ್ತೆಗೆ ಅಡ್ಡಲಾಗಿ ನಿಂತಿತು. ಹೋಗಲೂ ಆಗದೆ ಇರಲೂ ಆಗದೆ ನಾಯಕರು ಕಮಾನಿಗೂ ಕುದುರೆಗೂ ನಡುವೆ ಸಿಕ್ಕಿಕೊಂಡರು. ಬೀಗರು ಬಿಂಕ ಮಾಡುತ್ತಿದ್ದಾರೆಂದು ತಿಳಿದು ನಮ್ಮ ಹೆಂಗಸರು ಇನ್ನೂ ಗಟ್ಟಿಯಾಗಿ ಹಾಡಿದರು.

ಕೊನೆಗೆ ಕುದುರೆಗೆ ಬೆಲ್ಲ ತೋರಿಸಿ ದಾರಿ ಬಿಡಿಸಿದರು. ನಾಯಕರು ಹೊರಟುಹೋದರು. ಪೊಲೀಸರು ಬಂದು ಪ್ಯಾಲೇಸಿಗೆ ಬೀಗ ಹಾಕಿದರು. ಜಗೀರ್ ಸಿಂಗರು ಕಮಾನಿನ ಹತ್ತಿರ ಬಂದು, ನಛತ್ತರನ ಖಾಲಿ ಕೈಗಳನ್ನು ನೋಡಿ ಕೇಳಿದರು:

"ನನ್ನ ಹಾರ ಎಲ್ಲಿ?"

"ಹಾಕಿಬಿಟ್ಟೆ, ಜೀ."

"ನನ್ನ ಕಂಬಳಿ?"

"ಹೊದಿಸಿಬಿಟ್ಟೆ."

"ಯಾರಿಗೆ?"

"ನಿಮಗೇ ಅಂದ್ಕೊಂಡೆ..."

"ನಾನು ಆ ಹುಡುಗನ ಅಪ್ಪನ ಜಾಗದಲ್ಲಿ ನಿಂತೋನು" ಎಂದರು ಜಗೀರ್ ಸಿಂಗರು. "ನನ್ನ ಮಿಲ್ನಿ ದಾರೀಲಿ ಹೋಗೋರಿಗೆ ಕೊಟ್ಟು, ನನ್ನನ್ನ ಕುದುರೆ ಹಿಂದೆ ನಿಲ್ಲಿಸಿದ್ರಿ. ಮಿಲ್ನಿ ಆಗದೆ ನಮ್ಮ ದಿಬ್ಬಣ ನಿಮ್ಮ ಬಾಗಿಲು ದಾಟಲ್ಲ." ದಿಬ್ಬಣ ಮಂಜಿನೊಳಕ್ಕೆ ಹಿಂದಿರುಗಿತು. ಡೋಲಿನವನು ಅಭ್ಯಾಸಬಲದಿಂದ ಸ್ವಲ್ಪ ದೂರದವರೆಗೆ ಬಾರಿಸುತ್ತಲೇ ಇದ್ದನು.

ಸಂಜೆಯ ಹೊತ್ತಿಗೆ ಟಿವಿಗಳಲ್ಲಿ "ನಾಯಕರ ಮೇಲೆ ಕಂಬಳಿ ದಾಳಿ" ಎಂಬ ಸುದ್ದಿ ಬಂದಿತು. ಮರುದಿನ ಎರಡು ತನಿಖಾ ತಂಡಗಳು ಏಕಕಾಲಕ್ಕೆ ನಛತ್ತರನ ಅಂಗಳದಲ್ಲಿ ಇಳಿದವು. ಕೇಂದ್ರದ ತಂಡಕ್ಕೆ ನೌಟಿಯಾಲ್ ಎಂಬ ಸಣಕಲು ಅಧಿಕಾರಿ. ರಾಜ್ಯದ ತಂಡಕ್ಕೆ ಡಿಎಸ್‌ಪಿ ಸೇಖೋಂ. ತಪ್ಪು ರಾಜ್ಯದ ಪೊಲೀಸರದೆಂದು ನೌಟಿಯಾಲರಿಗೆ ಮೊದಲೇ ತಿಳಿದಿತ್ತು. ತಪ್ಪು ಕೇಂದ್ರದ ರಕ್ಷಕರದೆಂದು ಸೇಖೋಂ ಅವರಿಗೆ ಮೊದಲೇ ತಿಳಿದಿತ್ತು. ಉತ್ತರ ತಿಳಿದ ಮೇಲೆ ಲೆಕ್ಕ ಮಾಡುವ ವಿದ್ಯಾರ್ಥಿಗಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇವರಿಗೆ ಬೇಬೇ ಮಂಚ ಹಾಕಿ, ಚಹಾ ಕೊಟ್ಟಳು.

"ರಾಜ್ಯದ ಪೊಲೀಸ್ರು ನಿನ್ನ ತಡೆದ್ರಾ?" ಎಂದು ಕೇಳಿದರು ನೌಟಿಯಾಲ್.

"ಇಲ್ಲ, ಜೀ."

"ಅಂದ್ರೆ ಅವರೇ ನಿನ್ನ ಬಿಟ್ರು!"

ಅತಿಥಿಯ ಮಾತನ್ನು ಅಲ್ಲಗಳೆಯುವುದು ನಛತ್ತರನಿಗೆ ಬರುವುದಿಲ್ಲ. "ಹಾಗೂ ಇರಬಹುದು, ಜೀ" ಎಂದನು.

ಮಂಚದ ಇನ್ನೊಂದು ತುದಿಯಿಂದ ಸೇಖೋಂ ಗದರಿದರು. "ಲೋ, ಇಲ್ಲಿ ನೋಡು! ಆ ರಕ್ಷಕರು ಎಲ್ಲಿ ನೋಡ್ತಿದ್ರು? ಕಮಾನಿನ ಪಕ್ಕ ಕರೀತಿದ್ದ ಜಿಲೇಬಿ ಕಡೆ ತಾನೆ?"

"ಜಿಲೇಬಿ ಬಿಸಿಯಾಗಿತ್ತು, ಜೀ."

"ಅಂದ್ರೆ ಅವರದೇ ತಪ್ಪು!"

"ಹಾಗೂ ಇರಬಹುದು, ಜೀ."

ಹೀಗೆ ನಛತ್ತರ್ ಒಂದೇ ಮಂಚದ ಮೇಲೆ ಕುಳಿತು ಎರಡು ಸರ್ಕಾರಗಳನ್ನೂ ಗೆಲ್ಲಿಸಿದನು. ಎರಡೂ ಗೆಲ್ಲುವುದು ಸಾಧ್ಯವಿಲ್ಲವಾದ್ದರಿಂದ ವಿಷಯ ದೆಹಲಿಯ ಅತಿ ದೊಡ್ಡ ನ್ಯಾಯಾಲಯದ ಮುಂದೆ ಹೋಯಿತು. ನ್ಯಾಯಾಲಯ ಎರಡೂ ತನಿಖೆಗಳನ್ನು ನಿಲ್ಲಿಸಿ, ತನ್ನದೇ ಒಂದು ಸಮಿತಿಯನ್ನು ನೇಮಿಸಿತು. ಅಧ್ಯಕ್ಷೆ ನಿವೃತ್ತ ನ್ಯಾಯಮೂರ್ತಿ ಶುಭದಾ ದಾತೆ. ಸಾಕ್ಷ್ಯಗಳೆಲ್ಲ ಒಬ್ಬ ರಿಜಿಸ್ಟ್ರಾರರ ವಶದಲ್ಲಿ. ಆದೇಶದಲ್ಲಿ ಮೂರು ಮಾತುಗಳಿದ್ದವು. ಘಟನೆಯ ಸ್ಥಳಕ್ಕೆ ಮೊಹರು ಹಾಕತಕ್ಕದ್ದು. ಹಾರ ಕಂಬಳಿಗಳನ್ನು ನಾಯಕರಿಂದ ಪಡೆದು, ಸಾಕ್ಷ್ಯದ ಮುದ್ದೆಮಾಲಾಗಿ ಕಾಯ್ದಿಡತಕ್ಕದ್ದು. ಗಂಡಿನ ಕಡೆಯ ಮತ್ತು ಹೆಣ್ಣಿನ ಕಡೆಯ ಸಾಕ್ಷಿಗಳು ಪರಸ್ಪರ ಭೇಟಿಯಾಗತಕ್ಕದ್ದಲ್ಲ.

ಊರಿನವರು ಮೊದಲ ಎರಡನ್ನು ಕೇಳಿ ತಲೆಯಾಡಿಸಿದರು. ಮೂರನೆಯದನ್ನು ಕೇಳಿ ರವನೀತ್ ಗೋಡೆ ಹಿಡಿದು ಕುಳಿತಳು. ನಛತ್ತರ್ ಒಬ್ಬ ಸಾಕ್ಷಿ. ಜಗೀರ್ ಸಿಂಗ್ ಇನ್ನೊಬ್ಬ ಸಾಕ್ಷಿ. ಇಬ್ಬರು ಮಾಮಂದಿರು ಭೇಟಿಯಾದರೆ ನ್ಯಾಯಾಲಯದ ನಿಂದನೆ, ಭೇಟಿಯಾಗದಿದ್ದರೆ ಮಿಲ್ನಿಯಿಲ್ಲ, ಮಿಲ್ನಿಯಿಲ್ಲದಿದ್ದರೆ ಮದುವೆಯಿಲ್ಲ. ಅತ್ತ ಹರಜೋತನ ರಜೆ ಸೋರುತ್ತಿತ್ತು. ಅದು ಮುಗಿದರೆ ಅವನು ಹಿಮದ ಗಡಿಗೆ ಹೋಗುವವನು. ಮುಂದಿನ ರಜೆ ಯಾವಾಗಲೋ ಅವನ ಮೇಜರಿಗೂ ತಿಳಿಯದು. ಅಷ್ಟರೊಳಗೆ ಗಂಡಿನ ಕಡೆಯವರಿಗೆ ಬೇರೆ ಹೆಣ್ಣು ತೋರಿಸಲು ಆ ದಲ್ಲಾಳಿ ಆಗಲೇ ಪೇಟ ಕಟ್ಟುತ್ತಿದ್ದಾನೆಂಬ ಸುದ್ದಿಯೂ ಬಂದಿತು.

"ಬೇರೆ ಮಾಮನ್ನ ನಿಲ್ಲಿಸಿದ್ರೆ ಆಗಲ್ವಾ?" ಎಂದು ಯಾರೋ ಕೇಳಿದರು.

"ಮಾಮ ಏನು ಜನರೇಟರಾ, ಬಾಡಿಗೆಗೆ ತರೋಕೆ?" ಎಂದಳು ಬೇಬೇ. "ಇರೋದೊಂದು. ಅದೂ ಹೀಗಿದೆ."

ರವನೀತ್ ತನ್ನ ಮಾಮನ ಎದುರು ಬಂದು ನಿಂತಳು. ಅವಳ ಕೈಯ ಮೆಹಂದಿ ಮಾಸತೊಡಗಿತ್ತು. "ಮಾಮಾ, ನೀನು ಜೈಲಲ್ಲಿದ್ದಿದ್ರೆ ಪೆರೋಲ್ ಆದ್ರೂ ಸಿಕ್ತಿತ್ತು. ಹೊರಗಿದ್ದೀಯಲ್ಲ, ಅದೇ ತೊಂದರೆ."

ಗದರಿದ್ದರೆ ಅವನು ತಡೆದುಕೊಳ್ಳುತ್ತಿದ್ದನು. ಅವಳು ನಗಲು ಪ್ರಯತ್ನಿಸಿದ್ದಳು. ಅಂದಿನಿಂದ ನಛತ್ತರ್ ಅಂಗಡಿಗೆ ಹೋಗುವುದನ್ನು ಬಿಟ್ಟನು. ಬೆಳಿಗ್ಗೆ ಎದ್ದು ಹೆದ್ದಾರಿಯ ಅಂಚಿನಲ್ಲಿ, ಮೊಹರಾದ ಕಮಾನಿನ ಮುಂದೆ ನಿಂತು, ಒಣಗಿದ ಚೆಂಡುಹೂಗಳನ್ನು ನೋಡುತ್ತಿದ್ದನು. ಕಾವಲಿನ ಪೇದೆ ಅವನನ್ನು ಓಡಿಸುತ್ತಿರಲಿಲ್ಲ. ಮಂಜಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ನೆರಳಿನಷ್ಟೇ ಕಾಣಿಸುತ್ತಿದ್ದರು.

ನ್ಯಾಯಮೂರ್ತಿಗಳು ಬಂದರು. ಪುಣೆಯ ಕಡೆಯವರು, ಗುಬ್ಬಿಯಷ್ಟು ಗಾತ್ರ, ಶಾಲಿನ ಮೇಲೆ ಶಾಲು. ಅವರನ್ನು ಕಾಯಲು ಕೇಂದ್ರ, ರಾಜ್ಯ ಎರಡೂ ತಮ್ಮ ತಮ್ಮ ಬಂದೂಕಿನವರನ್ನು ಕಳುಹಿಸಿದ್ದವು. ಸರ್ಕಾರಿ ವಿಶ್ರಾಂತಿ ಗೃಹದಲ್ಲಿ ವಿಚಾರಣೆ ನಡೆಯಿತು. ಪಂಜಾಬಿಯನ್ನು ಅವರಿಗೆ ಹಿಂದಿಯಲ್ಲಿ ತಿಳಿಸಲು ನನ್ನನ್ನು ಕೂರಿಸಿದರು.

ಮೊದಲು ಬೇಬೇ.

"ನೀವು ನಾಯಕರ ವಿರುದ್ಧ ಘೋಷಣೆ ಕೂಗಿದ್ರಿ ಅಂತ ಇದೆ" ಎಂದರು ನ್ಯಾಯಮೂರ್ತಿಗಳು.

"ಘೋಷಣೆಯಲ್ಲ ಪುತ್ತರ್, ಹಾಡು. ಹಾಡಲಾ?"

ಬೇಬೇಗೆ ಕಿರಿಯರೆಲ್ಲ ಪುತ್ತರ್, ಎಂದರೆ ಮಕ್ಕಳು. ರಿಜಿಸ್ಟ್ರಾರರು ತಡೆಯುವಷ್ಟರಲ್ಲಿ ಬೇಬೇ ಮೇಜಿನ ಮೇಲೆ ತಾಳ ಹಾಕಿ ಹಾಡಿಯೇಬಿಟ್ಟಳು. ನಾನು ಅನುವಾದಿಸಿದೆ. ನೌಟಿಯಾಲರು ಅದನ್ನು "ದೇಹಗಾತ್ರ ಮತ್ತು ಶಸ್ತ್ರಾಸ್ತ್ರಗಳನ್ನು ಕುರಿತ ಪ್ರಚೋದಕ ಹೇಳಿಕೆ" ಎಂದು ಬರೆಸಿದರು. ಸೇಖೋಂ ಅವರು ಕೆಮ್ಮುವ ನೆಪದಲ್ಲಿ ಕಿಟಕಿಯ ಕಡೆಗೆ ತಿರುಗಿದರು.

"ನಾಯಕರಿಗೆ ಅವಮಾನ ಆಗುತ್ತೆ ಅನ್ನಿಸಲಿಲ್ವಾ?"

"ಬೀಗರ ಕಡೆಯೋನಿಗೆ ಬೈಯದೆ ಒಳಗೆ ಕರೆದ್ರೆ ತಾನೆ ಅವಮಾನ! ನಿಮ್ಮ ಕಡೆ ಏನ್ ಮಾಡ್ತೀರಿ?"

ನ್ಯಾಯಮೂರ್ತಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಅನಂತರ ಪ್ರಕರಣಕ್ಕೆ ಸಂಬಂಧವಿಲ್ಲದ ಒಂದು ಪ್ರಶ್ನೆ ಕೇಳಿದರು. "ವರನ ರಜೆ ಯಾವಾಗ ಮುಗಿಯುತ್ತೆ?"

"ಭಾನುವಾರ, ಪುತ್ತರ್" ಎಂದಳು ಬೇಬೇ. ಆಗ ಮಾತ್ರ ಅವಳ ದನಿ ಸಣ್ಣದಾಗಿತ್ತು. ರಿಜಿಸ್ಟ್ರಾರರು ಅದನ್ನು ಬರೆದುಕೊಳ್ಳಲಿಲ್ಲ.

ಆಮೇಲೆ ನಛತ್ತರ್. ಅವನು ಕುರ್ಚಿಯ ತುದಿಯಲ್ಲಿ ಕುಳಿತನು.

"ಅವರು ಯಾರು ಅಂತ ಗೊತ್ತಿತ್ತಾ?"

"ಗೊತ್ತಿತ್ತು, ಜೀ. ಮಾಮಾಜಿ."

"ನೋಡಿದ ಮೇಲೂ ಗೊತ್ತಾಗಲಿಲ್ವಾ? ಟಿವಿಯಲ್ಲಿ ದಿನಾ ಬರ್ತಾರಲ್ಲ?"

"ಟಿವಿಯಲ್ಲಿ ಅವರು ಎದೆವರೆಗೆ ಬರ್ತಾರೆ, ಜೀ. ನಾನು ನೋಡ್ತಿದ್ದದ್ದು ಸೊಂಟ."

"ಎತ್ತಿದಾಗ ಅವರು ಏನಾದ್ರೂ ಅಂದ್ರಾ?"

ಈ ಪ್ರಶ್ನೆಗೆ ಎರಡೂ ಕಡೆಯ ಅಧಿಕಾರಿಗಳು ಪೆನ್ನು ಹಿಡಿದು ಮುಂದೆ ಬಾಗಿದರು. ನಾಯಕರು "ಕಾಪಾಡಿ" ಎಂದು ಕೂಗಿದರೆಂದು ನೌಟಿಯಾಲರ ವಾದ. ನಾಯಕರು ತಾವೇ "ದೂರ ಇರಿ" ಎಂದು ರಕ್ಷಕರಿಗೆ ಹೇಳಿದರೆಂದು ಸೇಖೋಂ ಅವರ ವಾದ.

ನಛತ್ತರ್ ತನ್ನ ಅಂಗೈಗಳನ್ನು ನೋಡಿಕೊಂಡನು. "ಕಿವಿಯಲ್ಲಿ ಅಂದ್ರು, ಜೀ. ‘ಮೆಲ್ಲಗೆ ಇಳಿಸಪ್ಪಾ’ ಅಂತ. ಹೆದರಿಕೊಂಡಲ್ಲ. ಅವಸರ ಏನಿಲ್ಲ ಅನ್ನೋ ಥರ."

ಇಬ್ಬರು ಅಧಿಕಾರಿಗಳೂ ಪೆನ್ನಿಗೆ ಮುಚ್ಚಳ ಹಾಕಿದರು.

ನಂತರ ಜಗಳ ಹತ್ತಿತು. ಅಷ್ಟು ಭಾರದ ವ್ಯಕ್ತಿಯನ್ನು ಎತ್ತಲು ತುಂಬ ಹೊತ್ತು ಬೇಕು. ಅಷ್ಟು ಹೊತ್ತು ಕೇಂದ್ರದ ರಕ್ಷಕರು ನಿದ್ರಿಸುತ್ತಿದ್ದರು ಎಂದರು ಸೇಖೋಂ. ಇಲ್ಲ, ಕಣ್ಣೆವೆ ಮುಚ್ಚುವುದರೊಳಗೆ ಎತ್ತಿಬಿಟ್ಟನು; ಇಂಥವನನ್ನು ರಸ್ತೆಯಲ್ಲಿ ಬಿಟ್ಟದ್ದು ರಾಜ್ಯದ ಪೊಲೀಸರು ಎಂದರು ನೌಟಿಯಾಲ್. ಬೆಳಗಿನಿಂದ ಮಧ್ಯಾಹ್ನದವರೆಗೆ ಅವರು ನಛತ್ತರನ ತೋಳುಗಳ ವೇಗವನ್ನು ಚರ್ಚಿಸಿದರು. ತೋಳುಗಳು ಅಲ್ಲೇ ಇದ್ದವು. ಅವುಗಳನ್ನು ಯಾರೂ ಕೇಳಲಿಲ್ಲ.

"ಸಾಕು" ಎಂದರು ನ್ಯಾಯಮೂರ್ತಿಗಳು. "ನಾನು ಕಣ್ಣಲ್ಲಿ ನೋಡ್ಬೇಕು. ಅದೇ ಜಾಗ, ಅದೇ ಹೊತ್ತು. ಅವತ್ತು ಇದ್ದೋರೆಲ್ಲ ಅವತ್ತಿನ ಹಾಗೇ ಇರ್ಬೇಕು. ನಾಯಕರ ಬದಲಿಗೆ ಅದೇ ಗಾತ್ರದೋರು ಒಬ್ರು ಬೇಕು."

ನೌಟಿಯಾಲರು ಕಡ್ಡಿಯಂತಿದ್ದರು. ಸೇಖೋಂ ಅವರು ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, "ಸಮವಸ್ತ್ರದಲ್ಲಿರೋನು ಎತ್ತಿಸಿಕೊಳ್ಳೋ ಹಾಗಿಲ್ಲ, ಮೇಡಂ" ಎಂದರು.

ನ್ಯಾಯಮೂರ್ತಿಗಳ ದೃಷ್ಟಿ ಕಿಟಕಿಯ ಹೊರಗೆ ಹೋಯಿತು. ಅಲ್ಲಿ ಬೆಂಚಿನ ಮೇಲೆ, ತಮ್ಮ ಸರದಿಗಾಗಿ ಕಾಯುತ್ತ, ನಮ್ಮ ಮನೆಗಳತ್ತ ಬೆನ್ನು ತಿರುಗಿಸಿ, ಜಗೀರ್ ಸಿಂಗರು ಕುಳಿತಿದ್ದರು. ಬೆಂಚು ಕಾಣಿಸುತ್ತಿರಲಿಲ್ಲ.

"ಅವರು?"

"ಅವರು ಸಾಕ್ಷಿ!" ಎಂದು ರಿಜಿಸ್ಟ್ರಾರರು ಎದ್ದು ನಿಂತರು. "ಸಾಕ್ಷಿಗಳು ಪರಸ್ಪರ ಭೇಟಿಯಾಗಬಾರದು ಅಂತ ಆದೇಶ ಇದೆ, ಮೇಡಂ."

"ಅವರವರೇ ಭೇಟಿಯಾಗಬಾರದು. ಸಮಿತಿ ಭೇಟಿ ಮಾಡಿಸಬಹುದು. ಕಂಬಳಿಯ ಮೊಹರು ಒಡೀರಿ. ಹೊಸ ಹಾರ ತರಿಸಿ." ಒಂದು ಕ್ಷಣ ಬಿಟ್ಟು ಹೇಳಿದರು, "ಬ್ಯಾಂಡು ಕೂಡ. ಕುದುರೆ, ಅದರ ಮೇಲಿದ್ದ ಹುಡುಗ, ಹಾಡೋ ಹೆಂಗಸರು. ಒಂದು ಬಿಟ್ಟುಹೋದ್ರೂ ಪುನರಭಿನಯ ದೋಷಪೂರ್ಣ ಆಗುತ್ತೆ. ನಾಳೆ ಬೆಳಿಗ್ಗೆ."

ನಾನು ಇದನ್ನು ಬೇಬೇಗೆ ಅನುವಾದಿಸಿ ಹೇಳಿದೆ. ಅವಳು ಮೇಜಿನ ಮೇಲಿನ ತಾಳವನ್ನು ನಿಲ್ಲಿಸಿ, ಆ ಗುಬ್ಬಿಯಂಥ ಹೆಂಗಸನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹಾಡುವ ಹೆಂಗಸರನ್ನು ಕೂಡಿಸಲು ಎದ್ದು ಹೊರಟಳು.

ಮರುದಿನದ ಮಂಜು ಸಮಿತಿಯ ಆದೇಶವನ್ನು ಪಾಲಿಸಿದಂತೆ ಮೊದಲಿನಷ್ಟೇ ದಟ್ಟವಾಗಿತ್ತು. ಹೊಸ ಚೆಂಡುಹೂವಿನ ಕಮಾನು ಅದರಲ್ಲಿ ತೇಲಿತು. ಬ್ಯಾಂಡು ನುಡಿಯಿತು. ಕುದುರೆಯ ಮೇಲೆ ಹರಜೋತ್, ಮುಖದ ಮುಂದೆ ಹೂವಿನ ಪರದೆ. ಪ್ಯಾಲೇಸಿನ ಮೆಟ್ಟಿಲ ಮೇಲೆ, ಅಂದು ಇದ್ದವರೆಲ್ಲ ಇರಬೇಕೆಂಬ ಆದೇಶದಂತೆ, ಕೆಂಪು ಉಡುಗೆಯಲ್ಲಿ ರವನೀತ್. ಗುರುದ್ವಾರದಲ್ಲಿ ಪವಿತ್ರ ಗ್ರಂಥ ಓದುವ ಗ್ರಂಥಿಗಳು ಅರ್ದಾಸ್ ಪ್ರಾರ್ಥನೆ ಹೇಳಲು ಕೈಮುಗಿದು ನಿಂತಿದ್ದರು. ಒಂದು ಕಡೆ ಕೇಂದ್ರದ ಬಂದೂಕಿನವರು, ಇನ್ನೊಂದು ಕಡೆ ರಾಜ್ಯದವರು. ಕಳೆದುಹೋದ ಬೆಳಗೊಂದು ದಾರಿ ತಪ್ಪಿ ಮತ್ತೆ ನಮ್ಮ ಊರಿಗೇ ಬಂದಂತಿತ್ತು.

ಜಗೀರ್ ಸಿಂಗರು ಕಾರಿನಿಂದ ಇಳಿದರು. ನಛತ್ತರ್ ಹಾರ ಹಾಕಿದನು. ಅವರು ಕತ್ತು ಬಾಗಿಸಲಿಲ್ಲ. ಕಂಬಳಿ ಹೊದಿಸಿದನು. ನಗಲಿಲ್ಲ.

"ಎತ್ತಿ" ಎಂದರು ನ್ಯಾಯಮೂರ್ತಿಗಳು.

ಜಗೀರ್ ಸಿಂಗರು ಒಂದು ಹೆಜ್ಜೆ ಹಿಂದೆ ಸರಿದರು. "ಕ್ಷಮಿಸಿ, ಮೇಡಂ. ಸಮಿತಿಗೆ ನನ್ನ ಮೈ ಬೇಕಾದ್ರೆ ತಗೊಳ್ಳಿ, ತೂಕ ಹಾಕಿ. ಆದ್ರೆ ಈ ಕಂಬಳಿ ಇನ್ನೊಬ್ಬರು ಹೊದ್ದು ಬಿಟ್ಟದ್ದು. ನಾನು ಇಲ್ಲಿ ಇನ್ನೊಬ್ಬರ ಬದಲಿಗೆ ನಿಂತಿದ್ದೀನಿ. ಇದನ್ನ ಮಿಲ್ನಿ ಅಂತ ಒಪ್ಪಲ್ಲ. ಕೋರ್ಟಿನ ಆದೇಶದ ಮೇಲೆ ಅಪ್ಪಿಕೊಂಡ್ರೆ ಬೀಗತನ ಆಗಲ್ಲ."

ಬ್ಯಾಂಡು ನಿಂತಿತು. ಕುದುರೆಯ ಮೇಲಿನ ಹೂಪರದೆ ಅಲುಗಿತು. ನ್ಯಾಯಮೂರ್ತಿಗಳು ಕೈಯಲ್ಲಿದ್ದ ಆದೇಶವನ್ನು ಮಡಿಚಿದರು. ಅವರ ಅಧಿಕಾರ ಅಲ್ಲಿಗೆ ಮುಗಿದಿತ್ತು. ಮೆಟ್ಟಿಲ ಮೇಲೆ ರವನೀತ್ ತಲೆ ತಗ್ಗಿಸಿದಳು.

ನಛತ್ತರನ ಕೈಗಳು ಅಪ್ಪುಗೆಯ ಆಕಾರದಲ್ಲೇ ಗಾಳಿಯಲ್ಲಿ ನಿಂತಿದ್ದವು. ಅತಿಥಿಯ ಯಾವ ಮಾತಿಗೂ ‘ಹಾಗೂ ಇರಬಹುದು’ ಎನ್ನುವವನು ಅವನು. ಅಂದು ಕೇಳದ ಪ್ರಶ್ನೆಗೆ ಉತ್ತರಿಸಿದನು.

"ಮಾಮಾಜಿ, ಅವತ್ತು ನಾನು ಎತ್ತಿದ್ದು ನಿಮ್ಮನ್ನೇ. ಮಂಜಲ್ಲಿ ಮೈ ಮಾತ್ರ ಬೇರೆಯವರದ್ದು ಕೈಗೆ ಸಿಕ್ತು. ಬದಲಿಗೆ ನಿಂತಿದ್ದು ಅವರು, ನೀವಲ್ಲ."

ಜಗೀರ್ ಸಿಂಗರು ಅವನನ್ನು ನೋಡಿದರು. ಇದರಲ್ಲಿ ಎಲ್ಲೋ ಒಂದು ತಪ್ಪಿರಬೇಕೆಂದು ಅವರು ಹುಡುಕುತ್ತಿದ್ದುದು ಮುಖದ ಮೇಲೆ ಕಾಣುತ್ತಿತ್ತು. ನಾನೂ ಹುಡುಕಿದೆ. ಸಿಗಲಿಲ್ಲ. ಅಷ್ಟು ದೊಡ್ಡ ನಾಯಕರನ್ನು ತಮ್ಮ ಬದಲಿಯಾಗಿ ನಿಲ್ಲಿಸಿದ ಮನೆತನವನ್ನು ಅವರು ಹಿಂದೆಂದೂ ಕಂಡಿರಲಾರರು. ಅವರ ಮೀಸೆಯ ಒಂದು ತುದಿ ಮೊದಲು ಅಲುಗಿತು, ಆಮೇಲೆ ಇನ್ನೊಂದು.

"ಅವರಿಗಿಂತ ನಾನು ಭಾರ ಇದ್ದೀನಿ, ನೋಡ್ಕೋ" ಎಂದರು.

"ಹಾಗೂ ಇರಬಹುದು, ಜೀ" ಎಂದು ನಛತ್ತರ್ ಎತ್ತಿದನು.

ಒಮ್ಮೆ ಏಳಲಿಲ್ಲ. ಅವನ ಕತ್ತಿನ ನರಗಳು ಎದ್ದವು, ಪೇಟ ಓರೆಯಾಯಿತು. "ಸ್ಪಾನರ್ ಅಂದ್ಕೊಳ್ಳೋ!" ಎಂದು ಬೇಬೇ ಕೂಗಿದಳು. ಆಗ ಜಗೀರ್ ಸಿಂಗರ ಬೂಟುಗಳು ನೆಲವನ್ನು ಬಿಟ್ಟವು. ಬ್ಯಾಂಡು ಒಮ್ಮೆಲೇ ಸಿಡಿಯಿತು. ಹೆಂಗಸರು ಹೊಟ್ಟೆಯ ಹಾಡನ್ನು ಹಾಡಿದರು. ಕೆಳಗಿಳಿದ ಮಾಮ ತಿರುಗಿ ನಛತ್ತರನನ್ನು ಎತ್ತಿದರು. ಅವನು ಸಲೀಸಾಗಿ ಹೋದನು, ಕಣ್ಣು ಮುಚ್ಚಿಕೊಂಡು. ಗ್ರಂಥಿಗಳು ಅರ್ದಾಸ್ ಆರಂಭಿಸಿದರು. ನೌಟಿಯಾಲರೂ ಸೇಖೋಂ ಅವರೂ ಎತ್ತಿದ ವೇಗವನ್ನು ಅಳೆಯಬೇಕಾಗಿತ್ತು. ಇಬ್ಬರೂ ಮರೆತು ಚಪ್ಪಾಳೆ ತಟ್ಟಿದ್ದರು.

"ಪುನರಭಿನಯ ಪೂರ್ಣವಾಯಿತು ಅಂತ ಬರ್ಕೊಳ್ಳಿ" ಎಂದರು ನ್ಯಾಯಮೂರ್ತಿಗಳು ರಿಜಿಸ್ಟ್ರಾರರಿಗೆ. "ಪ್ಯಾಲೇಸಿನ ಮೊಹರು ತೆಗೀರಿ. ಇನ್ನು ಕಾಯೋಕೆ ಅಲ್ಲಿ ಏನೂ ಇಲ್ಲ."

ದಿಬ್ಬಣ ಬಾಗಿಲು ದಾಟಿತು. ರವನೀತಳ ಮದುವೆ ಆ ದಿನವೇ ಆಯಿತು. ಸಮಿತಿಯ ವರದಿ ಮೊಹರಾದ ಲಕೋಟೆಯಲ್ಲಿ ನ್ಯಾಯಾಲಯಕ್ಕೆ ಹೋಯಿತು. ತಪ್ಪು ಯಾರದೆಂದು ಅದರಲ್ಲಿ ಬರೆದಿತ್ತೋ ನನಗೆ ತಿಳಿಯದು. ಮಂಜಿನದೆಂದು ಬರೆದಿದ್ದರೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಒಂದು ಘಟನೆ ಮಾತ್ರ ಆ ವರದಿಯಲ್ಲಿರಲು ಸಾಧ್ಯವಿಲ್ಲ. ದಿಬ್ಬಣ ಒಳಗೆ ಹೋದ ಮೇಲೆ ಕಮಾನಿನ ಕೆಳಗೆ ಬೇಬೇ ಒಬ್ಬಳೇ, ಕೈಯಲ್ಲಿ ಉಳಿದ ಒಂದು ಹಾರದೊಡನೆ ನಿಂತಿದ್ದಳು. ಈಗೀಗ ಹೆಂಗಸರೂ ಮಿಲ್ನಿ ಮಾಡುತ್ತಾರೆ. ಆದರೆ ಗಂಡಿನ ಕಡೆ ಅಜ್ಜಿಯಿರಲಿಲ್ಲ. ಬೇಬೇ ಸುತ್ತಲೂ ನೋಡಿದಳು. ನ್ಯಾಯಮೂರ್ತಿಗಳು ಕಾರಿನ ಕಡೆಗೆ ನಡೆಯುತ್ತಿದ್ದರು.

"ಏ ಪುತ್ತರ್, ನೀನು ಯಾರ ಕಡೆಯೋಳು?"

"ನಾನು ಯಾರ ಕಡೆಯೂ ಅಲ್ಲ" ಎಂದರು ಅವರು. ಅದು ಅವರ ವೃತ್ತಿಯ ಉತ್ತರ.

"ಹಾಗಿದ್ರೆ ಬಾ" ಎಂದು ಬೇಬೇ ಹಾರ ಹಾಕಿ, ಶಾಲುಗಳ ಸಮೇತ ಅವರನ್ನು ಅಪ್ಪಿ, ಎತ್ತಿಬಿಟ್ಟಳು.

ಎರಡು ಸರ್ಕಾರಗಳ ಬಂದೂಕಿನವರು ಪಕ್ಕದಲ್ಲೇ ಇದ್ದರು. ಬಿಸಿ ಪಕೋಡಗಳ ತಟ್ಟೆ ಬಂದದ್ದರಿಂದ ಅವರ ಮುಖ ಅತ್ತ ತಿರುಗಿತ್ತು. ಈ ಭದ್ರತಾ ಲೋಪದ ಬಗ್ಗೆ ಇಂದಿನವರೆಗೂ ಯಾವ ಸಮಿತಿಯೂ ನೇಮಕವಾಗಿಲ್ಲ. ಸಾಕ್ಷಿ ನಾನೊಬ್ಬನೇ, ನಾನು ಕಂಡದ್ದು ಇಷ್ಟು: ಮಂಜಿನಲ್ಲಿ ಒಂದು ಜೊತೆ ಸಣ್ಣ ಚಪ್ಪಲಿಗಳು, ಕೆಳಗೆ ನೆಲವಿಲ್ಲ. ಕೇಳಿಸಿದ್ದು ಇನ್ನೂ ಕಡಿಮೆ.

"ಮೆಲ್ಲಗೆ ಇಳಿಸಮ್ಮಾ" ಎಂದರು ನ್ಯಾಯಮೂರ್ತಿಗಳು. ಅವಸರ ಏನಿಲ್ಲ ಎನ್ನುವಂತೆ.